ಸ್ವಿಚ್ಚು ಹಾಕುವ ಮುನ್ನ ಕಾರಣ ಕೇಳುವ ಗಾಳಿಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಗಾಳಿಯಣ್ಣ ಹೆಗಲ ಮೇಲೊಂದು ಯಂತ್ರ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ತಿರುವು ಬಂದಾಗಲೆಲ್ಲ ನಿಂತು ಹೆಗಲು ಬದಲಿಸುತ್ತಾರೆ. ಬಾಗಿಲು ತೆರೆದು ಕಾಯುತ್ತಿರುವ ಸೊಸೆಯ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದೆ. ಒಳಗೆ ಮಂಚದ ಮೇಲೆ ಆಕೆಯ ಮಾವ, ಬದುಕಿಡೀ ಕಲ್ಲಿಗೆ ಪಾಲಿಷ್ ಹಿಡಿದ ಮುದುಕರು, ದಿಂಬಿಗೆ ಒರಗಿ ಕುಳಿತು ಒಂದೊಂದೇ ಉಸಿರನ್ನು ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದಾರೆ. ಮೂಲೆಯಲ್ಲಿರುವ ಆಮ್ಲಜನಕದ ಯಂತ್ರ ಕುಂಯ್ ಕುಂಯ್ ಎಂದು ಕೂಗುತ್ತಲೇ ಇದೆ.

ಗಾಳಿಯಣ್ಣ ಹೊತ್ತು ತಂದ ಯಂತ್ರವನ್ನು ಬಾಗಿಲ ಬಳಿಯೇ ಇಳಿಸಿ ಒಂದು ಲೋಟ ನೀರು ಕೇಳುತ್ತಾರೆ. ಪಾಪ, ಬಾಯಾರಿರಬೇಕೆಂದು ಸೊಸೆ ಓಡಿಹೋಗಿ ತರುತ್ತಾರೆ. ಇವರು ಮುದುಕರ ಮೂಗಿನ ನಳಿಕೆಯ ತುದಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಗುಳ್ಳೆ ಏಳುವುದಿಲ್ಲ. ಯಂತ್ರ ಕೆಟ್ಟಿಲ್ಲ, ಗಾಳಿ ದಾರಿಯಲ್ಲೆಲ್ಲೋ ನಿಂತಿದೆ. ನಳಿಕೆಯ ಉದ್ದಕ್ಕೂ ಬೆರಳಾಡಿಸುತ್ತ ಮಂಚದ ಕೆಳಗೆ ತೂರುತ್ತಾರೆ. ಸೆಖೆಯೆಂದು ರಾತ್ರಿ ಮಂಚವನ್ನು ಕಿಟಕಿಯ ಕಡೆಗೆ ಎಳೆದಿದ್ದಾರೆ. ಅದರ ಕಾಲು ನಳಿಕೆಯ ಮೇಲೆ ಕೂತುಬಿಟ್ಟಿದೆ. ಮಂಚವನ್ನು ಒಂದಿಷ್ಟು ಎತ್ತಿ ನಳಿಕೆ ಬಿಡಿಸಿದ್ದೇ ತಡ, ಲೋಟದ ನೀರು ಬುಳುಬುಳು ಅನ್ನತೊಡಗುತ್ತದೆ.

ಮುದುಕರ ತುಟಿಗೆ ಬಣ್ಣ ಮರಳಿದ ಮೇಲೆ ಅವರು ಆಡುವ ಮೊದಲ ಮಾತು, "ಮೂರು ಮಹಡಿ ಸುಮ್ನೆ ಹತ್ತಿಸಿದ್ವಲ್ಲಪ್ಪ ನಿನ್ನ."

"ಇರ್ಲಿ ಬಿಡಿ ಯಜಮಾನ್ರೇ. ನನಗೆ ಹತ್ತೋಕೆ ಆಗ್ತಿದೆಯಲ್ಲ, ಅದೇ ದೊಡ್ಡದು," ಎನ್ನುತ್ತಾರೆ ಗಾಳಿಯಣ್ಣ. ಸೊಸೆಗೆ ಮಾತ್ರ ಅಷ್ಟು ಸುಲಭದ ಬಿಡುಗಡೆಯಿಲ್ಲ. ಯಂತ್ರದ ಹಿಂಬದಿಯಲ್ಲಿ ಗಾಳಿ ಸೋಸುವ ಸ್ಪಂಜನ್ನು ಕಿತ್ತು ಆಕೆಯ ಕಣ್ಣ ಮುಂದೆ ಹಿಡಿಯುತ್ತಾರೆ. ಧೂಳು ಕಂಬಳಿಯ ಹಾಗೆ ಕೂತಿದೆ. "ವಾರಕ್ಕೊಂದ್ಸಲ ತೊಳೀರಿ ತಾಯಿ ಅಂತ ಬಡ್ಕೊಂಡಿದ್ದೆ. ಇದರ ಮೂಗೂ ಕಟ್ಟುತ್ತೆ." ಆಕೆ ತಲೆ ತಗ್ಗಿಸಿ ಸ್ಪಂಜನ್ನು ನಲ್ಲಿಗೆ ಒಯ್ಯುತ್ತಾರೆ. ತಂದ ಯಂತ್ರವನ್ನು ಹೊತ್ತುಕೊಂಡೇ ಗಾಳಿಯಣ್ಣ ಕೆಳಗಿಳಿಯುತ್ತಾರೆ.

ಐವತ್ತು ದಾಟಿದ ಈ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ಮೊದಲು ಫ್ರಿಜ್ ರಿಪೇರಿ ಮಾಡುತ್ತಿದ್ದರು. ಫ್ರಿಜ್ಜಿನೊಳಗೂ ಕಂಪ್ರೆಸರ್, ಆಮ್ಲಜನಕದ ಯಂತ್ರದೊಳಗೂ ಕಂಪ್ರೆಸರ್ ಎಂದು ಯಾರೋ ಕರೆದುಕೊಂಡು ಹೋಗಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಿಲ್ಲಿಸಿದರು. ಅಲ್ಲೇ ತಳವೂರಿದರು. ದಿನಕ್ಕೆ ಆರೇಳು ಮನೆ. ಎಲ್ಲೋ ನಳಿಕೆ ಗಡಸಾಗಿರುತ್ತದೆ, ಎಲ್ಲೋ ಜಿರಳೆ ಒಳಸೇರಿರುತ್ತದೆ, ಇನ್ನೆಲ್ಲೋ ಯಂತ್ರದ ಸದ್ದಿಗೆ ನಿದ್ದೆ ಬಾರದೆಂದು ಮೇಲೆ ಹೊದಿಕೆ ಹೊದಿಸಿ ಅದರ ಉಸಿರು ಕಟ್ಟಿಸಿರುತ್ತಾರೆ. "ಫ್ರಿಜ್ ಕೆಟ್ರೆ ಹಾಲು ಒಡೆಯುತ್ತೆ, ಬೈತಾರೆ, ಮುಗೀತು. ಇದು ಹಾಗಲ್ಲ. ಫೋನ್ ಬಂದ್ರೆ ಬಾಯಿಗಿಟ್ಟ ತುತ್ತು ಬಿಟ್ಟು ಓಡ್ಬೇಕು," ಎನ್ನುತ್ತಾರೆ.

ಅವರ ಸ್ವಂತ ಮನೆಯ ಮಂಚದ ಪಕ್ಕದಲ್ಲೂ ಇಂಥದೇ ಒಂದು ಯಂತ್ರವಿದೆ. ಅದರ ನಳಿಕೆ ಅವರ ಹೆಂಡತಿಯ ಮೂಗಿನಲ್ಲಿದೆ. ದೊಡ್ಡ ಆಸ್ಪತ್ರೆಯವರು ಎದೆ ಸೀಳಿ ಮಾಡುವ ಒಂದು ಆಪರೇಷನ್ನಿಗೆ ಆಕೆಯನ್ನು ಒಪ್ಪಿಕೊಂಡಿದ್ದಾರೆ. ಆಕೆಯೇ ಇನ್ನೂ ಒಪ್ಪಿಲ್ಲ. ಹ್ಞೂಂ ಅಥವಾ ಊಹ್ಞೂಂ, ನಾಳೆಯೊಳಗೆ ಹೇಳಬೇಕು. ಊಹ್ಞೂಂ ಅಂದರೆ ಆ ಸರದಿ ಬೇರೆಯವರಿಗೆ ಹೋಗುತ್ತದೆ. ಮತ್ತೆ ಸರದಿ ಬರುವವರೆಗೆ ಆಕೆಯ ಹೃದಯ ತಾಳುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಈ ಸಂಕಟವನ್ನು ಹೊಟ್ಟೆಯೊಳಗಿಟ್ಟುಕೊಂಡೇ ಗಾಳಿಯಣ್ಣ ಇವತ್ತಿನ ಮನೆಗಳನ್ನು ಸುತ್ತುತ್ತಿದ್ದಾರೆ.

ಬೆಳಗಿನ ಮುದುಕರಿಗೂ ಆಕೆಗೂ ಬಂದಿರುವುದು ಒಂದೇ ತೊಂದರೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ. ಗಾಳಿಯಣ್ಣ ಯಂತ್ರ ಒಯ್ಯುವ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರಮ್ಮ ಇದನ್ನು ದಿನಕ್ಕೆ ಹತ್ತು ಸಲ ಬಿಡಿಸಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರು. "ಹೃದಯದ ಎಡಗಡೆ ಭಾಗ ಮೈಗೆಲ್ಲ ರಕ್ತ ತಳ್ಳುತ್ತೆ, ಅದು ಗಟ್ಟಿಮುಟ್ಟು. ಬಲಗಡೆಯದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು, ಅದರ ಗೋಡೆ ತೆಳು. ಶ್ವಾಸಕೋಶದ ದಾರಿ ಇಕ್ಕಟ್ಟಾಯ್ತು ಅನ್ನಿ, ಆ ಬಡಪಾಯಿ ದುಡಿದೂ ದುಡಿದೂ ಊದಿಕೊಂಡು ಕೊನೆಗೆ ಸೋಲುತ್ತೆ. ತೋಳಿಗೆ ಪಟ್ಟಿ ಸುತ್ತಿ ನೋಡೋ ಬಿ.ಪಿ.ಯಲ್ಲಿ ಇದು ಕಾಣೋದೇ ಇಲ್ಲ. ಅಲ್ಲಿ ಎಲ್ಲ ಸರಿಯಾಗೇ ಇರುತ್ತೆ."

ದಾರಿ ಇಕ್ಕಟ್ಟಾಗುವುದಕ್ಕೆ ಒಂದೇ ಕಾರಣವಾಗಿದ್ದರೆ ಡಾಕ್ಟರಮ್ಮನ ಕೂದಲು ಇಷ್ಟು ಬೇಗ ನರೆಯುತ್ತಿರಲಿಲ್ಲ. ಕಲ್ಲಿನ ಧೂಳು, ಬೀಡಿ, ಒಲೆಯ ಹೊಗೆ ವರ್ಷಗಟ್ಟಲೆ ಶ್ವಾಸಕೋಶವನ್ನೇ ತಿಂದರೆ ಒತ್ತಡ ಏರುತ್ತದೆ. ಹೆಚ್ಚಿನವರಲ್ಲಿ ತಪ್ಪು ಶ್ವಾಸಕೋಶದ್ದೇ ಅಲ್ಲ. ಹೃದಯದ ಎಡಭಾಗ ಸೋತು, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ. ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದರೂ ಬರುತ್ತದೆ. ಲಿವರ್ ಕೆಟ್ಟರೆ, ಕೀಲು ಚರ್ಮ ಬಿಗಿಯುವ ಕಾಯಿಲೆಗಳಿದ್ದರೆ, ತೆಳ್ಳಗಾಗಲೆಂದು ಸಿಕ್ಕಿದ ಮಾತ್ರೆ ನುಂಗಿದರೆ, ಕೆಲವು ಮನೆತನಗಳಲ್ಲಿ ವಂಶದಿಂದಲೇ, ಇನ್ನು ಕೆಲವರಲ್ಲಿ ಎಷ್ಟು ಹುಡುಕಿದರೂ ಸಿಗದ ಕಾರಣಕ್ಕೆ ಬರುತ್ತದೆ. "ಕಾರಣ ಬೇರೆ ಆದ್ರೆ ಔಷಧಿನೂ ಬೇರೆ. ಒಬ್ಬರಿಗೆ ಒಗ್ಗೋದು ಇನ್ನೊಬ್ಬರ ಪ್ರಾಣಕ್ಕೇ ಕುತ್ತು," ಎನ್ನುತ್ತಾರೆ ಡಾಕ್ಟರಮ್ಮ.

ಗಾಳಿಯಣ್ಣನಿಗೆ ಈ ಕಾರಣಗಳೆಲ್ಲ ಮನೆಗಳಾಗಿ ನೆನಪಿವೆ. ಇವತ್ತಿನ ಎರಡನೆಯ ಮನೆ ಒಬ್ಬ ಲಾರಿ ಚಾಲಕರದು. ಆಳು ದಪ್ಪ, ಕುತ್ತಿಗೆ ಅದಕ್ಕಿಂತ ದಪ್ಪ, ಗೊರಕೆ ಬೀದಿಯ ಕೊನೆಗೂ ಕೇಳಿಸುವಂಥದು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಹೋಗುತ್ತದೆ; ಹಾಗೆ ರಾತ್ರಿಯಿಡೀ ಉಸಿರಿಗೆ ಬರ ಬಿದ್ದಾಗ ಶ್ವಾಸಕೋಶದ ರಕ್ತನಾಳಗಳು ಮುದುಡುತ್ತವೆ. ಅವರಿಗೆ ಕೊಟ್ಟಿರುವುದು ಮೂಗಿನ ಮೇಲೆ ಮುಖವಾಡದಂತೆ ಕಟ್ಟಿಕೊಂಡು ಮಲಗುವ ಬೇರೆ ಬಗೆಯ ಯಂತ್ರ. ಚಾಲಕರಿಗೆ ಅದನ್ನು ಕಂಡರಾಗದು. "ಇದನ್ನ ಕಟ್ಕೊಂಡ್ರೆ ಹೆಂಡ್ತಿ ನನ್ನ ನೋಡಿ ನಗ್ತಾಳೆ," ಎಂದು ದೂರುತ್ತಾರೆ. "ನಗ್ಲಿ ಬಿಡಣ್ಣ, ಎಷ್ಟೋ ವರ್ಷ ಆದ್ಮೇಲೆ ನಿದ್ದೆ ಮಾಡಿದಾಳೆ, ಅದಕ್ಕೇ ನಗು ಬರ್ತಿದೆ," ಎಂದು ಗಾಳಿಯಣ್ಣ ಪಟ್ಟಿಯನ್ನು ಸಡಿಲಿಸಿ ಕೊಡುತ್ತಾರೆ. ಒಳಕೋಣೆಯಿಂದ ನಗು ಕೇಳಿಸುತ್ತದೆ.

ಮೂರನೆಯ ಮನೆಯಲ್ಲಿ ಅವರು ತಮಾಷೆ ಮಾಡುವುದಿಲ್ಲ. ಅಲ್ಲಿರುವುದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ. ಹೃದಯದಲ್ಲಿ ತೂತು ಹುಟ್ಟಿನಿಂದಲೇ ಇತ್ತು. ಮಗು ಓಡುವುದಿಲ್ಲ, ಸೋಮಾರಿ, ಎಂದು ಶಾಲೆಯಲ್ಲಿ ಅಂದರು. ದೊಡ್ಡವಳಾದರೆ ಸರಿಹೋಗುತ್ತಾಳೆ ಎಂದು ಮನೆಯಲ್ಲಿ ಅಂದರು. ಉಗುರು ನೀಲಿಯಾದ ಮೇಲೆ ಆಸ್ಪತ್ರೆಗೆ ಕರೆದೊಯ್ದರೆ, ಒತ್ತಡ ಏರಿಹೋಗಿದೆ, ತೂತು ಮುಚ್ಚುವ ಕಾಲ ಮುಗಿಯಿತು ಎಂದರು. ಈಗ ಮಾತ್ರೆಗಳ ಮೇಲೆ ದಿನ ನಡೆಯುತ್ತಿದೆ. ಗಾಳಿಯಣ್ಣ ಸದ್ದಿಲ್ಲದೆ ಯಂತ್ರ ನೋಡಿ, ಸ್ಪಂಜನ್ನು ತಾವೇ ತೊಳೆದು, ಅವಳ ತಾಯಿಗೆ ಕೈ ಮುಗಿದು ಹೊರಬೀಳುತ್ತಾರೆ. "ಬೇಗ ಯಾರಾದ್ರೂ ಯಾಕೆ ಅಂತ ಕೇಳಿದ್ದಿದ್ರೆ," ಎಂದು ಮೆಟ್ಟಿಲಲ್ಲಿ ಒಂದೇ ಮಾತು ಹೇಳುತ್ತಾರೆ. ಆ ಮಾತು ತಮಗೇ ಹೇಳಿಕೊಂಡದ್ದು.

ಅವರ ಹೆಂಡತಿ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಸೊಂಟದ ಮೇಲೊಂದು ಕೂಸು, ಕೈ ಹಿಡಿದುಕೊಂಡು ಇನ್ನೊಂದು, ಬಾಯಲ್ಲಿ ಹಾಡು. ಒಮ್ಮೆ ಒದ್ದೆ ನೆಲದಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ವಾರಗಟ್ಟಲೆ ಮಲಗಿದ್ದಾಯಿತು. ಕಾಲೇನೋ ಕೂಡಿಕೊಂಡಿತು. ಆಮೇಲೆ ನಿಧಾನವಾಗಿ ಏದುಸಿರು ಶುರುವಾಯಿತು. ಮೊದಲು ಮೆಟ್ಟಿಲು ಹತ್ತುವಾಗ, ಬಳಿಕ ಕೂಸನ್ನೆತ್ತಿಕೊಂಡಾಗ, ಕೊನೆಗೆ ನಡೆಯುತ್ತ ಹಾಡುವಾಗ. ಮಲಗಿದ್ದು ಮೈ ಬಂದಿದೆ ಎಂದರು ಒಬ್ಬರು, ರಕ್ತ ಕಡಿಮೆ ಎಂದರು ಇನ್ನೊಬ್ಬರು. ಔಷಧಿ ಅಂಗಡಿಯಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡಿಸಿದರೆ ಬಿ.ಪಿ. ಸರಿಯಾಗಿಯೇ ಇತ್ತು. ಅಲ್ಲಿಗೆ ಎಲ್ಲರ ಮನಸ್ಸೂ ನಿರಾಳವಾಯಿತು.

ಬೇರೆ ಯಾರೇ ಆಗಿದ್ದರೂ ಇನ್ನೊಂದು ತಿಂಗಳಲ್ಲಿ ಹೆದರಿ ದೊಡ್ಡ ಡಾಕ್ಟರ ಬಳಿಗೆ ಓಡುತ್ತಿದ್ದರು. ಗಾಳಿಯಣ್ಣನ ಕೈಯಲ್ಲಿ ಯಂತ್ರವಿತ್ತು. ರಿಪೇರಿಗೆಂದು ಮನೆಗೆ ತಂದಿದ್ದ ಒಂದನ್ನು ಸರಿಮಾಡಿ, ಸುಮ್ಮನೆ ಒಂದು ಸಂಜೆ ಹೆಂಡತಿಯ ಮೂಗಿಗೆ ನಳಿಕೆ ಇಟ್ಟು ನೋಡಿದರು. ಆಕೆಗೆ ಹಾಯೆನಿಸಿತು. ಮರುದಿನವೂ ಇಟ್ಟರು. ಹೆಂಡತಿಯ ಮುಖದಲ್ಲಿ ಗೆಲುವು ಕಂಡು ಗಂಡನ ಎದೆ ಉಬ್ಬಿತು. ಊರಿನವರಿಗೆಲ್ಲ ಉಸಿರು ಹಂಚುವವನು ಮನೆಯವಳಿಗೆ ಕೊಡದಿರುತ್ತಾನೆಯೇ. ಹೀಗೆ ವರ್ಷದ ಹತ್ತಿರ ಕಳೆದುಹೋಯಿತು. ಏದುಸಿರು ಹೊರಗೆ ಅಡಗಿತು, ಒಳಗೆ ಹೃದಯದ ಬಲಭಾಗ ಊದುತ್ತಲೇ ಹೋಯಿತು.

"ಫ್ಯೂಸ್ ಯಾಕೆ ಹೋಯ್ತು ಅಂತ ನೋಡದೆ ಫ್ಯೂಸ್ ಹಾಕೋನು ನಾನಲ್ಲ," ಎನ್ನುತ್ತಾರೆ ಗಾಳಿಯಣ್ಣ, ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸುತ್ತ. "ಫ್ರಿಜ್ ಆಗಿದ್ರೆ ಬಿಚ್ಚಿ ನೋಡಿರ್ತಿದ್ದೆ. ನನ್ನ ಹೆಂಡ್ತಿ ವಿಷಯದಲ್ಲಿ ನೋಡ್ಲಿಲ್ಲ. ಮೆಷಿನ್ ಇತ್ತಲ್ಲ, ಅದೇ ಕೆಟ್ಟದ್ದಾಯ್ತು."

ಪಾದ ಊದಿಕೊಂಡು, ಒಂದು ಬೆಳಗ್ಗೆ ತಲೆ ಸುತ್ತಿ ಬಿದ್ದಾಗ ಆಕೆಯನ್ನು ಡಾಕ್ಟರಮ್ಮನ ಮುಂದೆ ಕೂರಿಸಿದರು. ಎಷ್ಟು ದಿನದಿಂದ ಆಮ್ಲಜನಕ ಕೊಡುತ್ತಿದ್ದೀರಿ, ಯಾರು ಹೇಳಿದ್ದು, ಎಂದು ಡಾಕ್ಟರಮ್ಮ ಕೇಳಿದರು. ಹೃದಯದ ಸ್ಕ್ಯಾನ್ ಆಯಿತು, ಶ್ವಾಸಕೋಶದ ಯಾವ ಭಾಗಕ್ಕೆ ರಕ್ತ ತಲುಪುತ್ತಿಲ್ಲವೆಂದು ತೋರಿಸುವ ಇನ್ನೊಂದು ಸ್ಕ್ಯಾನ್ ಆಯಿತು. ಕಾಲು ಕದಲದೆ ಮಲಗಿದ್ದಾಗ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲಕ್ಕೆ ಬಂದು ಶ್ವಾಸಕೋಶದ ದಾರಿಗೆ ಅಡ್ಡ ಕೂತಿತ್ತು. ಕರಗದೆ ಉಳಿದದ್ದು ಗಾಯದ ಕಲೆಯ ಹಾಗೆ ಗೋಡೆಗೆ ಅಂಟಿಕೊಂಡು ಗಟ್ಟಿಯಾಗಿತ್ತು. "ಒತ್ತಡದ ಇಷ್ಟೊಂದು ಕಾರಣಗಳಲ್ಲಿ ಬುಡಸಮೇತ ಕಿತ್ತು ತೆಗೆಯೋಕೆ ಆಗೋ ಕಾರಣಗಳು ತೀರ ಕಡಿಮೆ. ನಿಮ್ಮವರದು ಅಂಥದ್ದು. ಪುಣ್ಯ ಅನ್ಕೊಳ್ಳಿ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಗಾಳಿಯಣ್ಣನಿಗೆ ಇವತ್ತಿಗೂ ಅನಿಸುತ್ತದೆ.

ಅಂದಿನಿಂದ ಅವರ ಕೆಲಸದ ರೀತಿ ಬದಲಾಗಿದೆ. ಹೊಸ ಮನೆಗೆ ಹೋದರೆ ಸ್ವಿಚ್ಚಿನ ಮೇಲೆ ಬೆರಳಿಡುವ ಮೊದಲು, "ಮೇಲುಸಿರು ಯಾಕೆ ಬರ್ತಿದೆ ಅಂತ ಡಾಕ್ಟ್ರು ಹೇಳಿದ್ರು?" ಎಂದು ಕೇಳುತ್ತಾರೆ. ಅವರಿಗೆ ರೋಗ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ಕೇಳುವುದಷ್ಟೇ. ಡಾಕ್ಟರನ್ನೇ ನೋಡಿಲ್ಲ, ಸುಮ್ಮನೆ ಒಂದು ಯಂತ್ರ ಇರಲಿ ಅಂತ, ಎಂದರೆ, ಡಾಕ್ಟರ ಬಳಿ ಹೋಗುತ್ತೇವೆ ಎನ್ನುವವರೆಗೆ ಅಲ್ಲೇ ಕೂತುಬಿಡುತ್ತಾರೆ. ಅಂಗಡಿಯ ಸಾಹುಕಾರರಿಗೆ ಇದು ತಲೆನೋವು. "ನಿನ್ನ ಕೆಲಸ ಮೂಗಿಗೆ ನಳಿಕೆ ಹಾಕೋದು. ನಡುವೆ ನಿನ್ನ ಮೂಗು ಯಾಕೆ ತೂರಿಸ್ತೀಯ?" ಎಂದು ಗದರಿದ್ದೂ ಉಂಟು.

ಮಧ್ಯಾಹ್ನದ ಮನೆಯಲ್ಲಿ ನಡೆಯುವುದೂ ಅದೇ. ಹೊಸ ಗಿರಾಕಿ, ಬ್ಯಾಂಕಿನ ನೌಕರ. ಅವನ ತಾಯಿ ಮಲಗಲಾರದೆ ದಿಂಬು ಪೇರಿಸಿಕೊಂಡು ಕುಳಿತಿದ್ದಾರೆ. ಕಾಲು ಊದಿದೆ. ಗಾಳಿಯಣ್ಣ ಎಂದಿನ ಪ್ರಶ್ನೆ ಕೇಳುತ್ತಾರೆ. ಮಗನ ಮುಖ ಕೆಂಪಾಗುತ್ತದೆ.

"ವಯಸ್ಸಾಯ್ತು ಕಣ್ರೀ, ಅದಕ್ಕೊಂದು ಕಾರಣ ಬೇರೆ ಬೇಕಾ? ನೀವು ಮೆಷಿನ್ ಹಾಕಿ ಹೋಗ್ತೀರಾ ಇಲ್ವಾ?"

ಗಾಳಿಯಣ್ಣ ಆ ತಾಯಿಯ ಮುಖ ನೋಡುತ್ತಾರೆ. ಏದುಸಿರು ಬಿಡುತ್ತಿರುವವರ ಮುಂದೆ ವಾದ ಮಾಡುವುದು ಕಟುಕತನ. ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರಮ್ಮನನ್ನೇ ಹಿಡಿದು, ಅವರು ಹೇಳಿದಷ್ಟಕ್ಕೆ ಯಂತ್ರ ಹಚ್ಚಿ, ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು, ಆಮೇಲೆ ಮಗನನ್ನು ಪಕ್ಕಕ್ಕೆ ಕರೆಯುತ್ತಾರೆ. "ಇದು ಆಸ್ಪತ್ರೆ ತಲುಪೋವರೆಗೆ ಮಾತ್ರ ಸ್ವಾಮಿ. ಗಾಡಿ ಕೆಳಗಿದೆ, ಈಗ್ಲೇ ಹೊರಡೋಣ. ನಾನೂ ಹೀಗೇ ಮೆಷಿನ್ ಇಟ್ಟು ಕೈಕಟ್ಟಿ ಕೂತಿದ್ದೆ. ನನ್ನ ಹೆಂಡ್ತಿಗೆ." ಮಗ ಒಳಗೆ ಹೋಗಿ ತಾಯಿಯ ಚಪ್ಪಲಿ ತರುತ್ತಾನೆ.

ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಸುದ್ದಿ ಬರುತ್ತದೆ. ಆ ತಾಯಿಯ ಹೃದಯದ ಎಡಗಡೆಯ ಕವಾಟ ಕಿರಿದಾಗಿದೆ, ಶ್ವಾಸಕೋಶದ ಒತ್ತಡಕ್ಕೆ ಅದೇ ಮೂಲ, ನೀರು ಇಳಿಸುವ ಔಷಧಿ ಕೊಟ್ಟ ಮೇಲೆ ಉಸಿರು ಹಗುರಾಗಿದೆ, ಮುಂದಿನ ಚಿಕಿತ್ಸೆಗೆ ದಾರಿಯಿದೆ. ಗಾಳಿಯಣ್ಣ ಫೋನ್ ಜೇಬಿಗಿಟ್ಟು ತಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೆ. ಬೇರೆಯವರ ಮನೆಯ ಮೂರು ಮಹಡಿ ಹತ್ತುವವರಿಗೆ ಸ್ವಂತ ಮನೆಯ ಎರಡು ಮಹಡಿ ಇವತ್ತು ಹತ್ತಿದಷ್ಟೂ ಮುಗಿಯುವುದಿಲ್ಲ.

ಹೆಂಡತಿ ಮಂಚದ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದಾರೆ. ಇವರು ಎದುರು ಕುಳಿತು ತಾವೂ ಸುಲಿಯತೊಡಗುತ್ತಾರೆ.

"ಗುಂಡಿಗೆ ನಿಲ್ಲಿಸ್ತಾರಂತೆ," ಎನ್ನುತ್ತಾರೆ ಆಕೆ. "ಮೈಯೆಲ್ಲ ತಣ್ಣಗೆ ಮಾಡಿ, ರಕ್ತ ಓಡೋದನ್ನೂ ನಿಲ್ಲಿಸಿ, ಆಮೇಲೆ ಆ ಹೆಪ್ಪನ್ನ ಒಳಗಿಂದ ಸುಲಿದು ತೆಗೀತಾರಂತೆ. ನಿಲ್ಲಿಸಿದ್ದು ಮತ್ತೆ ಶುರುವಾಗ್ಲಿಲ್ಲ ಅಂದ್ರೆ?"

ಏನೂ ಆಗುವುದಿಲ್ಲ ಬಿಡು ಎಂಬ ಮಾತು ಗಾಳಿಯಣ್ಣನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಒಂದು ವರ್ಷ ಅವರು ಆ ಮಾತನ್ನೇ ಹೇಳಿದ್ದರು. "ಕೆಲವರಿಗೆ ಹಾಗಾಗೋದೂ ಉಂಟು ಅಂದಿದಾರೆ ಡಾಕ್ಟ್ರು. ಸುಳ್ಳು ಹೇಳಲ್ಲ ನಾನು. ಹೆಚ್ಚಿನವರು ಎದ್ದು ಓಡಾಡ್ತಾರಂತೆ."

"ಇದೇ ಮೆಷಿನ್ ಇಟ್ಕೊಂಡು ಹೀಗೇ ಇದ್ದುಬಿಟ್ರೆ?"

"ಸ್ವಲ್ಪ ದಿನ ನಡೆಯುತ್ತೆ."

ಆಕೆ ಸುಲಿಯುವುದನ್ನು ನಿಲ್ಲಿಸುತ್ತಾರೆ. "ಬಾಡಿಗೆಗೆ ಕೊಟ್ಟ ಮೆಷಿನ್‌ಗಳು ವಾಪಸ್ ಬರ್ತಾವಲ್ಲ. ಹೇಗೆ ಬರ್ತಾವೆ? ನೀವು ಯಾವತ್ತೂ ಹೇಳಿಲ್ಲ."

ಹೌದು, ಹೇಳಿಲ್ಲ. ಈ ಕೆಲಸದ ಈ ಒಂದು ಭಾಗವನ್ನು ಗಾಳಿಯಣ್ಣ ಮನೆಯ ಹೊಸ್ತಿಲು ದಾಟಿಸಿದವರಲ್ಲ. ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಹಾಕುತ್ತಾರೆ. "ಫೋನ್ ಬರುತ್ತೆ. ಇನ್ನು ಬೇಕಾಗಿಲ್ಲ, ತಗೊಂಡು ಹೋಗಿ ಅಂತಾರೆ. ಹೋದ್ರೆ ಮಂಚ ಖಾಲಿ ಇರುತ್ತೆ."

"ವಾಸಿಯಾಗಿ ಕೊಟ್ಟೋರು ಇಲ್ವಾ?"

"ಜ್ವರ ಬಂದು ಶ್ವಾಸಕೋಶ ಕೆಟ್ಟೋರು ಕೊಟ್ಟಿದಾರೆ. ಈ ಒತ್ತಡದವರು ನನ್ನ ಕೈಗೆ ಒಬ್ಬರೂ ಕೊಟ್ಟಿಲ್ಲ."

ಆಕೆ ಮಡಿಲಿನ ಸಿಪ್ಪೆಯನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಉಸಿರು ಹೊಂದಿಸಿಕೊಳ್ಳುತ್ತಾರೆ. ಮಾತು ಎರಡು ತುಂಡಾಗಿ ಬರುತ್ತದೆ. "ಡಾಕ್ಟರಮ್ಮಂಗೆ ಫೋನ್ ಮಾಡಿ. ಬರ್ತೀವಿ ಅನ್ನಿ."

ಗಾಳಿಯಣ್ಣ ಫೋನ್ ಹಚ್ಚಿ ಎರಡೇ ಮಾತು ಆಡಿ ಇಡುತ್ತಾರೆ. ಕಣ್ಣು ತುಂಬಿದ್ದನ್ನು ಮರೆಮಾಚುವ ಗೋಜಿಗೆ ಹೋಗುವುದಿಲ್ಲ. ನಿಮಗೇನಾಸೆ ಎಂದು, ದಿನವಿಡೀ ಜೊತೆಗೆ ಸುತ್ತಿದ ನಾನು ಕೇಳಿದರೆ ಮಂಚದ ಪಕ್ಕದ ಯಂತ್ರದ ಕಡೆಗೆ ಕೈ ತೋರಿಸುತ್ತಾರೆ. "ಇದನ್ನ ನಾನೇ ಹೊತ್ಕೊಂಡು ಇಳಿಸಿ ಅಂಗಡಿಗೆ ಕೊಟ್ಟು ಬರ್ಬೇಕು. ಇವಳು ಮನೇಲಿರೋವಾಗ. ಅಷ್ಟೇ."

ಹೆಂಡತಿ ಬಟಾಣಿಯ ಬಟ್ಟಲನ್ನು ಅವರ ಕಡೆಗೆ ಸರಿಸುತ್ತಾರೆ.

"ಒಬ್ಬರೇ ಯಾಕೆ," ಎನ್ನುತ್ತಾರೆ. "ಇಳಿಸೋವಾಗ ಒಂದು ಕಡೆ ನಾನು ಹಿಡ್ಕೋತೀನಿ."